ಅಂಕಿತವುಳ್ಳ ಕಾಯಕ: ಸ್ವಂತ ಚಿತ್ರಗಳ ಹೊಸ ಸಂತೆ





ಮಠದ ಮಹೋತ್ಸವದಲ್ಲಿ ವ್ಯಾಪಾರದ ಮಾತೇಕೆ ಎಂದು ಯಾರಿಗಾದರೂ ಶಂಕೆ ಬರಬಹುದು. ಶರಣರ ಚರಿತ್ರೆಗಳನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಈ ಶಂಕೆಯು ತಾನಾಗಿಯೇ ಪರಿಹಾರವಾಗುವದು. ಜೇಡರ ದಾಸಿಮಯ್ಯನು ಬಟ್ಟೆಯನ್ನು ನೇಯ್ದನು. ನುಲಿಯ ಚಂದಯ್ಯನು ಹಗ್ಗವನ್ನು ಹೊಸೆದನು. ಮೋಳಿಗೆಯ ಮಾರಯ್ಯನು ಕಟ್ಟಿಗೆಯ ಹೊರೆಯನ್ನು ಹೊತ್ತನು. ಇವರು ತಮ್ಮ ಕೈಯ ದುಡಿಮೆಯ ಫಲವನ್ನು ಮಾರಿ, ಬಂದುದರಿಂದ ಜಂಗಮದಾಸೋಹವನ್ನು ನಡೆಯಿಸಿದರು. ಮಾಡುವದು, ಮಾರುವದು, ಬಂದುದನ್ನು ಸಲ್ಲಿಸುವದು ಈ ಮೂರೂ ಒಂದೇ ಕಾಯಕದ ಅಂಗಗಳು. ಅಂದಮೇಲೆ ಸರಕನ್ನು ಮಾರುವ ರೀತಿಯು ಬದಲಾದಾಗ, ಆ ರೀತಿಯಲ್ಲಿ ಕಾಯಕದ ಶುದ್ಧಿಯನ್ನು ಕಾಯ್ದುಕೊಳ್ಳುವ ಬಗೆ ಯಾವದೆಂಬ ವಿಚಾರವು ಮಠದ ಅಂಗಳದಲ್ಲಿಯೇ ನಡೆಯತಕ್ಕದ್ದು.

ಈಗಿನ ಕಾಲದಲ್ಲಿ ಅಂಥ ಒಂದು ಹೊಸ ಸಂತೆಯು ಹುಟ್ಟಿಕೊಂಡಿದೆ. ಅದಕ್ಕೆ ಊರಿಲ್ಲ, ವಾರವಿಲ್ಲ. ಚಿತ್ರವನ್ನು ಬರೆಯಬಲ್ಲವನು ತನ್ನ ವಿನ್ಯಾಸವನ್ನು ಗಣಕಯಂತ್ರದ ಮೂಲಕ ಅಂತರ್ಜಾಲದ ಅಂಗಡಿಯಲ್ಲಿ ಇಡುತ್ತಾನೆ. ಅಂಗಡಿಯು ಆ ಚಿತ್ರವು ಟೀ-ಶರ್ಟು, ಕೈಚೀಲ, ಚಹದ ಮಗ್ಗು, ದಿಂಬಿನ ಗವಸು, ಗೋಡೆಯ ಪಟ ಮುಂತಾದವುಗಳ ಮೇಲೆ ಹೇಗೆ ಕಾಣುವದೆಂಬದನ್ನು ಗಿರಾಕಿಗಳಿಗೆ ತೋರಿಸುತ್ತದೆ. ಅಲ್ಲಿಯ ವರೆಗೆ ಒಂದು ವಸ್ತುವೂ ತಯಾರಾಗಿರುವದಿಲ್ಲ. ಗಿರಾಕಿಯು ಮೆಚ್ಚಿ ಹಣವನ್ನು ಸಲ್ಲಿಸಿದ ಮೇಲೆಯೇ ಆ ವಸ್ತುವನ್ನು ಮುದ್ರಿಸಿ, ಕಟ್ಟಿ, ಅವನ ಮನೆಗೆ ಕಳುಹುವರು. ಒಂದನ್ನು ಬೇಡಿದರೆ ಒಂದೇ ಅಚ್ಚಾಗುವದು. ಇದಕ್ಕೆ ಬೇಡಿಕೆಗೆ ತಕ್ಕ ಮುದ್ರಣವೆಂದು ಹೆಸರು. ಅಮೇರಿಕೆಯಲ್ಲಿ 1999ರಲ್ಲಿ ಕೆಫೆಪ್ರೆಸ್ ಎಂಬ ಅಂಗಡಿಯೂ, 2005ರಲ್ಲಿ ಜ್ಯಾಝಲ್ ಎಂಬದೂ, ಆಸ್ಟ್ರೇಲಿಯಾದ ಮೆಲ್ಬೋರ್ನ್ ನಗರದಲ್ಲಿ 2006ರಲ್ಲಿ ರೆಡ್‌ಬಬಲ್ ಎಂಬದೂ ಆರಂಭವಾದವು. 2015ರಲ್ಲಿ ಅಮೆಜಾನ್ ಸಂಸ್ಥೆಯೂ ಈ ವ್ಯವಹಾರಕ್ಕೆ ಕೈಹಾಕಿತು.

ಇದರ ಮಹತ್ವವು ತಿಳಿಯಬೇಕಾದರೆ ಹಿಂದಿನ ಸ್ಥಿತಿಯನ್ನು ನೆನೆಯಬೇಕು. 1894ರಲ್ಲಿ ರಾಜಾ ರವಿವರ್ಮನು ಮುಂಬಯಿಯಲ್ಲಿ ಶಿಲಾಮುದ್ರಣದ ಕಾರಖಾನೆಯನ್ನು ಸ್ಥಾಪಿಸಿ, ತನ್ನ ದೇವತಾಚಿತ್ರಗಳನ್ನು ಮನೆಮನೆಗೆ ಮುಟ್ಟಿಸಲು ಹೊರಟನು. ಚಿತ್ರಗಳು ದೇಶವನ್ನೆಲ್ಲ ವ್ಯಾಪಿಸಿದವು. ಆದರೆ ಯಂತ್ರ, ಕಲ್ಲು, ಕಾಗದ, ದಾಸ್ತಾನುಗಳ ಭಾರವು ಕಲಾವಿದನಿಗೆ ಹೊರಲಾರದಷ್ಟಾಗಿ, ಕಾರಖಾನೆಯು ಕಡೆಗೆ ಪರರ ಕೈಸೇರಿತು. ಕನ್ನಡನಾಡಿನಲ್ಲಿ ಫ. ಗು. ಹಳಕಟ್ಟಿಯವರ ಉದಾಹರಣೆಯು ಎಲ್ಲರಿಗೂ ತಿಳಿದದ್ದು. 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಬೆಳಕಿಗೆ ತಂದು, 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದು, 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದ ಆ ಮಹನೀಯರು ಮುದ್ರಣದ ಸಲುವಾಗಿ ತಮ್ಮ ಸ್ವಂತ ಸುಖವನ್ನೆಲ್ಲ ಒತ್ತೆಯಿಟ್ಟರು. ಮೊದಲು ಅಚ್ಚು ಹಾಕಿಸಿ, ಆಮೇಲೆ ಕೊಳ್ಳುವವರ ದಾರಿಯನ್ನು ಕಾಯುವದೇ ಆ ಕಾಲದ ನಿಯಮವಾಗಿತ್ತು. ಹೊಸ ಸಂತೆಯು ಈ ನಿಯಮವನ್ನು ತಿರುವುಮುರುವು ಮಾಡಿತು. ಬಂಡವಾಳವಿಲ್ಲದ ಹಳ್ಳಿಯ ತರುಣನೂ, ಹೊಸಿಲನ್ನು ದಾಟಿ ಅಂಗಡಿಯನ್ನಿಡಲಾರದ ಗೃಹಿಣಿಯೂ ಇಲ್ಲಿ ಮಾರಾಟಗಾರರಾಗಬಲ್ಲರು.

ಬಂಡವಾಳವು ಬೇಡವಾದಾಗ ಕಲಾವಿದನು ತರತಕ್ಕದ್ದು ಎರಡೇ ಆಗಿ ಉಳಿಯುವವು: ಒಂದು ತನ್ನ ಸ್ವಂತ ಕಲ್ಪನೆ, ಇನ್ನೊಂದು ತನ್ನ ಮಾತಿನ ಸತ್ಯ. ಇವೆರಡೂ ಇಲ್ಲದವನಿಗೆ ಈ ಸಂತೆಯಲ್ಲಿ ಏನೂ ಇಲ್ಲ. ಶರಣರು ಇದಕ್ಕೆ ಒಂದು ಉತ್ತಮ ಮಾದರಿಯನ್ನು ಬಿಟ್ಟುಹೋಗಿದ್ದಾರೆ. ಅದೇ ವಚನದ ಅಂಕಿತವು. ಬಸವಣ್ಣನವರ ವಚನಕ್ಕೆ ಕೂಡಲಸಂಗಮದೇವನ ಅಂಕಿತ, ಅಲ್ಲಮಪ್ರಭುವಿನದಕ್ಕೆ ಗುಹೇಶ್ವರನ ಅಂಕಿತ, ಅಕ್ಕಮಹಾದೇವಿಯದಕ್ಕೆ ಚೆನ್ನಮಲ್ಲಿಕಾರ್ಜುನನ ಅಂಕಿತ. ಅಂಕಿತದಿಂದ ವಚನವು ಯಾರದೆಂಬದು ಗೊತ್ತಾಗುವದು. ಆದರೂ ಅಲ್ಲಿ ಬಹುತರವಾಗಿ ಮೆರೆಯುವದು ಇಷ್ಟದೈವದ ಹೆಸರು. ತನ್ನದೆಂಬ ಗುರುತೂ ಉಂಟು, ತಾನೆಂಬ ಗರ್ವವೂ ಇಲ್ಲ. ಹೊಸ ಸಂತೆಯಲ್ಲಿ ಚಿತ್ರವನ್ನು ಮಾರುವವರಿಗೆ ಈ ಅಂಕಿತತತ್ತ್ವದಿಂದಲೇ ಮೂರು ಕರ್ತವ್ಯಗಳು ಒದಗಿಬರುತ್ತವೆ.

ಮೊದಲನೆಯದು, ಪರರ ಅಂಕಿತವನ್ನು ಮುಟ್ಟದಿರುವದು. ಪ್ರಸಿದ್ಧವಾದ ಚಲಚ್ಚಿತ್ರದ ಪಾತ್ರವನ್ನೋ, ಆಟದ ಬೊಂಬೆಯನ್ನೋ, ಬೇರೊಬ್ಬ ಕಲಾವಿದನ ಚಿತ್ರವನ್ನೋ ಎತ್ತಿಕೊಂಡು ಬಣ್ಣವನ್ನು ಬದಲಿಸಿ ಮಾರುವದು ಬಹು ಸುಲಭ. ಕೂಡಲೇ ಗಿರಾಕಿಗಳೂ ದೊರೆಯಬಹುದು. ಆದರೆ ಅದು ಕಳವು. 2017ರಲ್ಲಿ ಪೋಕೆಮಾನ್ ಎಂಬ ಪಾತ್ರಗಳ ಒಡೆತನವುಳ್ಳ ಸಂಸ್ಥೆಯು ರೆಡ್‌ಬಬಲ್ ಸಂಸ್ಥೆಯ ಮೇಲೆ ಹೂಡಿದ್ದ ದಾವೆಯಲ್ಲಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯವು ಹಕ್ಕಿನ ಉಲ್ಲಂಘನೆಯಾಗಿದೆಯೆಂದು ತೀರ್ಪಿತ್ತಿತು. ಪರಿಹಾರವು ನಾಮಮಾತ್ರಕ್ಕೆ ಒಂದು ಡಾಲರೇ ಆದರೂ, ಬಳಕೆದಾರರು ತಂದಿಟ್ಟ ಚಿತ್ರಗಳಿಗಾಗಿ ಅಂಗಡಿಯೇ ಹೊಣೆಯಾಗಬಹುದೆಂಬದು ಇದರಿಂದ ಸ್ಪಷ್ಟವಾಯಿತು. ಇಂಥ ದೂರುಗಳು ಬಂದಾಗ ಅಂಗಡಿಗಳು ಚಿತ್ರವನ್ನು ತೆಗೆದುಹಾಕುವವು. ತಪ್ಪು ಮರುಕಳಿಸಿದರೆ ಖಾತೆಯನ್ನೇ ಮುಚ್ಚುವವು. ಯಂತ್ರದ ಬುದ್ಧಿಯಿಂದ ಚಿತ್ರವನ್ನು ಬರೆಯಿಸಿ ತನ್ನದೆಂದು ಹೇಳುವವರೂ ಈಗ ಬಹಳವಾಗಿದ್ದಾರೆ. ಮನುಷ್ಯ ಕರ್ತೃವಿಲ್ಲದ ಚಿತ್ರಕ್ಕೆ ಕೃತಿಸ್ವಾಮ್ಯವು ಸಲ್ಲದೆಂದು ಅಮೇರಿಕೆಯ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವು 2025ರ ಮಾರ್ಚಿಯಲ್ಲಿ ನಿರ್ಣಯಿಸಿತು. ಕರ್ತೃವಿಲ್ಲದ ಕೃತಿಗೆ ಅಂಕಿತವೆಲ್ಲಿಯದು?

ವಚನಗಳನ್ನು ಬಟ್ಟೆಯ ಮೇಲೆ, ಪಟದ ಮೇಲೆ ಮುದ್ರಿಸಿ ಮಾರುವವರಿಗೆ ಈ ಕರ್ತವ್ಯವು ಇಮ್ಮಡಿಯಾಗುವದು. ಸ್ಥಳವು ಸಾಲದೆಂದು ವಚನದ ತುದಿಯನ್ನು ಕತ್ತರಿಸಿ ಅಂಕಿತವನ್ನು ಕೈಬಿಡುವದೂ, ಒಬ್ಬ ಶರಣರ ನುಡಿಯನ್ನು ಇನ್ನೊಬ್ಬರ ಹೆಸರಿಗೆ ಹಚ್ಚುವದೂ ಎಲ್ಲೆಲ್ಲಿಯೂ ಕಂಡುಬರುವ ದೋಷಗಳು. ಪಾಠವನ್ನು ವಿದ್ವಾಂಸರು ಸಂಪಾದಿಸಿದ ಗ್ರಂಥದೊಡನೆ ಹೋಲಿಸಿ ನೋಡಿಯೇ ಮುದ್ರಿಸತಕ್ಕದ್ದು. ಕೆಲವು ಚಿತ್ರಲೇಖನದ ತಂತ್ರಾಂಶಗಳಲ್ಲಿ ಕನ್ನಡದ ಒತ್ತಕ್ಷರಗಳು ಚದರಿಹೋಗುವದುಂಟು. ಆದುದರಿಂದ ಅಕ್ಷರಗಳನ್ನು ರೇಖಾರೂಪಕ್ಕೆ ಪರಿವರ್ತಿಸಿ, ಕಣ್ಣಿಟ್ಟು ಓದಿದ ಮೇಲೆಯೇ ಅಂಗಡಿಗೆ ಕಳುಹಬೇಕು. ಅಕ್ಷರದ ಅಚ್ಚು ಕೂಡ ಒಬ್ಬನ ಕಾಯಕವೇ. ಅದನ್ನು ವ್ಯಾಪಾರಕ್ಕೆ ಉಪಯೋಗಿಸಲು ಅನುಮತಿಯುಂಟೋ ಇಲ್ಲವೋ ನೋಡಿಕೊಳ್ಳಬೇಕು.

ಇನ್ನೊಂದು ಎಚ್ಚರವೂ ಅವಶ್ಯ. ಒಂದು ಚಿತ್ರವನ್ನಿಟ್ಟ ಕೂಡಲೇ ಅಂಗಡಿಯು ಅದನ್ನು ಹತ್ತಾರು ಬಗೆಯ ವಸ್ತುಗಳಿಗೆ ಅನ್ವಯಿಸಲು ಎಡೆಯುಂಟು. ಅವುಗಳಲ್ಲಿ ಕಾಲುಚೀಲವೂ, ಸ್ನಾನದ ಮನೆಯ ಚಾಪೆಯೂ ಇರುವವು. 2017ರ ಜನವರಿಯಲ್ಲಿ ಅಮೆಜಾನ್ ಸಂಸ್ಥೆಯ ಕೆನಡಾ ದೇಶದ ಅಂಗಡಿಯಲ್ಲಿ ಭಾರತದ ರಾಷ್ಟ್ರಧ್ವಜದ ಚಿತ್ರವುಳ್ಳ ಕಾಲೊರಸುಗಳು ಮಾರಾಟಕ್ಕೆ ಬಂದಾಗ, ಆಗಿನ ವಿದೇಶಾಂಗ ಸಚಿವರಾಗಿದ್ದ ಸುಷ್ಮಾ ಸ್ವರಾಜರು ಅದನ್ನು ಬಹಿರಂಗವಾಗಿ ಖಂಡಿಸಿದರು. ಆ ಸರಕನ್ನು ತೆಗೆದುಹಾಕಲಾಯಿತು. ಶರಣರ ಮೂರ್ತಿಯನ್ನೂ ವಚನವನ್ನೂ ಬರೆದವನು, ಯಾವ ವಸ್ತುವಿನ ಮೇಲೆ ಅದು ಸಲ್ಲುವದು, ಯಾವದರ ಮೇಲೆ ಸಲ್ಲದು ಎಂಬದನ್ನು ಒಂದೊಂದಾಗಿ ತಾನೇ ಆರಿಸತಕ್ಕದ್ದು. ಯಂತ್ರಕ್ಕೆ ಭಕ್ತಿಯಿಲ್ಲ.

ಎರಡನೆಯ ಕರ್ತವ್ಯವು ತನ್ನ ಅಂಕಿತವನ್ನು ಕಾಯ್ದುಕೊಳ್ಳುವದು. ಭಾರತದಲ್ಲಿ 1957ರ ಕೃತಿಸ್ವಾಮ್ಯದ ಕಾಯಿದೆಯ ಮೇರೆಗೆ ಕಲಾಕೃತಿಯ ಹಕ್ಕು ಕಲಾವಿದನ ಜೀವಮಾನವೂ, ಅವನ ತರುವಾಯ 60 ವರ್ಷಗಳೂ ಇರುವದು. ಆದರೆ ಅದೇ ಕಾಯಿದೆಯ 15ನೆಯ ಕಲಮು ಬಹು ಜನರಿಗೆ ತಿಳಿಯದು. 2000ದ ವಿನ್ಯಾಸಗಳ ಕಾಯಿದೆಯಂತೆ ನೋಂದಾಯಿಸಲು ಯೋಗ್ಯವಾದ ವಿನ್ಯಾಸವನ್ನು ನೋಂದಾಯಿಸದೆ ಬಿಟ್ಟು, ಅದನ್ನು ಹಚ್ಚಿದ ವಸ್ತುವನ್ನು ಒಡೆಯನು ತಾನಾಗಲಿ, ಅವನ ಅನುಮತಿಯಿಂದ ಬೇರೊಬ್ಬನಾಗಲಿ ಕೈಗಾರಿಕೆಯ ರೀತಿಯಿಂದ 50ಕ್ಕಿಂತ ಹೆಚ್ಚು ಸಲ ತಯಾರಿಸಿದರೆ, ಆ ವಿನ್ಯಾಸದ ಕೃತಿಸ್ವಾಮ್ಯವು ಅಲ್ಲಿಗೆ ಮುಗಿಯುವದು. ನೋಂದಾಯಿಸಿದರೆ 10 ವರ್ಷಗಳ ರಕ್ಷಣೆಯುಂಟು; ಅದನ್ನು ಇನ್ನೂ 5 ವರ್ಷ ಮುಂದುವರಿಸಬಹುದು. ಆದರೆ ನೋಂದಣಿಗೆ ವಿನ್ಯಾಸವು ಹೊಸದಾಗಿರಬೇಕು, ಮೊದಲೇ ಜನರ ಮುಂದೆ ಪ್ರಕಟವಾಗಿರಕೂಡದು. ಅಂದರೆ ಅಂಗಡಿಯಲ್ಲಿಟ್ಟ ಮೇಲೆ ನೋಂದಣಿಯ ಯೋಚನೆಯನ್ನು ಮಾಡುವದು, ನೀರು ಹರಿದುಹೋದ ಮೇಲೆ ಒಡ್ಡು ಕಟ್ಟಿದಂತೆ. ಚಿತ್ರವು ಚಿತ್ರವಾಗಿ ಪಡೆಯುವ ಹಕ್ಕು ಬೇರೆ, ವಸ್ತುವಿನ ಅಲಂಕಾರಕ್ಕೆಂದೇ ಮಾಡಿದ ವಿನ್ಯಾಸದ ಹಕ್ಕು ಬೇರೆ. ತನ್ನ ಕೃತಿಯು ಯಾವ ವರ್ಗಕ್ಕೆ ಸೇರುವದೆಂಬದನ್ನು ಬಲ್ಲ ವಕೀಲರಿಂದ ಮೊದಲೇ ತಿಳಿದುಕೊಳ್ಳುವದು ಲೇಸು. ಮೊದಲ ಕರಡಿನಿಂದ ಕಡೆಯ ರೂಪದ ವರೆಗಿನ ಹಾಳೆಗಳನ್ನು ದಿನಾಂಕದೊಡನೆ ಜೋಪಾನ ಮಾಡಿದರೆ, ಮುಂದೆ ವಿವಾದವು ಬಂದಾಗ ಅವೇ ಸಾಕ್ಷಿಗಳಾಗುವವು.

ಒಬ್ಬನದಲ್ಲದ, ಒಂದು ನಾಡಿನದೇ ಆದ ಅಂಕಿತವೂ ಉಂಟು. ಧಾರವಾಡ ಪ್ರಾಂತದ ಕಸೂತಿಯನ್ನು ನೋಡಿರಿ. ಗೋಪುರ, ತೇರು, ಆನೆ, ಕಮಲ, ತುಳಸೀ ವೃಂದಾವನಗಳನ್ನು ಇಲಕಲ್ಲ ಸೀರೆಯ ಮೇಲೆ ಎಳೆಯೆಣಿಸಿ, ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಿಂದ ಮೂಡಿಸುವ ಹೆಣ್ಣುಮಕ್ಕಳ ಹೆಸರನ್ನು ಯಾವ ಗ್ರಂಥವೂ ಹೇಳುವದಿಲ್ಲ. 1999ರ ಭೌಗೋಳಿಕ ಗುರುತುಗಳ ಕಾಯಿದೆಯಂತೆ ಕಸೂತಿಗೂ ಇಲಕಲ್ಲ ಸೀರೆಗೂ ನೋಂದಣಿಯಾಗಿದೆ. ಗಣಕಯಂತ್ರವನ್ನು ಬಲ್ಲ ತರುಣನು ಅಜ್ಜಿಯ ಸೀರೆಯ ಸೆರಗಿನ ತೇರನ್ನು ಬಿಡಿಸಿ ಕೈಚೀಲದ ಮೇಲೆ ಮುದ್ರಿಸಿದರೆ, ಅದು ಕಸೂತಿಯಾಗದು; ಕಸೂತಿಯನ್ನು ನೋಡಿ ಬರೆದ ಚಿತ್ರವಾಗುವದು. ಹಾಗೆಂದೇ ಅವನು ಬರೆಯತಕ್ಕದ್ದು. ಬದುಕಿರುವ ಹೆಣ್ಣುಮಗಳ ಕೈಯ ಹೊಸ ನಮೂನೆಯನ್ನು ಆಧಾರವಾಗಿ ತೆಗೆದುಕೊಂಡಿದ್ದರೆ, ಅವಳ ಒಪ್ಪಿಗೆಯನ್ನು ಪಡೆದು, ಬಂದ ಗಳಿಕೆಯಲ್ಲಿ ಅವಳ ಪಾಲನ್ನು ಅವಳಿಗೆ ಮುಟ್ಟಿಸತಕ್ಕದ್ದು. ಗುಂಡಿಯನ್ನೊತ್ತುವ ಕೈಗೆ ಹಣವೂ, ಸೂಜಿಯನ್ನು ಹಿಡಿದ ಕೈಗೆ ಬರಿಯ ಹೊಗಳಿಕೆಯೂ ಸಲ್ಲುವಂಥ ವ್ಯಾಪಾರವನ್ನು ಕಾಯಕವೆಂದು ಕರೆಯಲಾಗದು.

ಮೂರನೆಯ ಕರ್ತವ್ಯವು ಸರಕನ್ನು ಸಾರುವ ಮಾತಿನಲ್ಲಿ ಸತ್ಯವಾಗಿರುವದು. ಲಕ್ಷಾಂತರ ಚಿತ್ರಗಳ ನಡುವೆ ಒಂದು ಚಿತ್ರವು ತಾನಾಗಿಯೇ ಕಣ್ಣಿಗೆ ಬೀಳದು. ಗಿರಾಕಿಯು ಮಾತುಗಳಿಂದ ಹುಡುಕುವನು; ಆದುದರಿಂದ ಚಿತ್ರದ ಶೀರ್ಷಿಕೆಯೂ, ಅದಕ್ಕೆ ಹಚ್ಚುವ ಗುರುತುಮಾತುಗಳೂ, ವಿವರಣೆಯೂ ಅವನ ಬಾಯಲ್ಲಿ ಬರತಕ್ಕ ಮಾತುಗಳಾಗಿರಬೇಕು. "ಸುಂದರ ವಿನ್ಯಾಸ" ಎಂದು ಬರೆದರೆ ಯಾರಿಗೂ ಏನೂ ತಿಳಿಯದು. "ಕಪ್ಪು ನೆಲದ ಮೇಲೆ ಕೆಂಪು ತೇರು, ಕಸೂತಿಯ ಮಾದರಿ" ಎಂದರೆ ಹುಡುಕುವವನಿಗೆ ದಾರಿಯಾಗುವದು. ಪರದೇಶದ ಗಿರಾಕಿಗಳಿಗಾಗಿ ಇಂಗ್ಲಿಷಿನಲ್ಲಿಯೂ, ಅಲ್ಲಿ ನೆಲೆಸಿದ ಕನ್ನಡಿಗರಿಗಾಗಿ ಕನ್ನಡದಲ್ಲಿಯೂ ಬರೆಯುವದು ಯುಕ್ತ. ಸಂಬಂಧವಿಲ್ಲದ ಪ್ರಸಿದ್ಧ ಹೆಸರುಗಳನ್ನು ತುರುಕಿ ಜನರನ್ನು ಸೆಳೆಯುವದು, ತಕ್ಕಡಿಯ ಕೆಳಗೆ ಅಂಟು ಹಚ್ಚಿದಂತೆ. ಬಸವಜಯಂತಿಗೋ ದೀಪಾವಳಿಗೋ ತಕ್ಕ ಚಿತ್ರವನ್ನು ಹಬ್ಬದ ಮುನ್ನಾದಿನ ಇಟ್ಟರೆ ವ್ಯರ್ಥ. ಅಚ್ಚಿಗೂ ಸಾಗಣೆಗೂ ದಿನಗಳು ಹಿಡಿಯುವದರಿಂದ ಹಲವು ವಾರ ಮೊದಲೇ ಇಡಬೇಕು. ಚಿತ್ರದ ಗುಣವೂ ಮಾತಿಗೆ ಸರಿಯಾಗಿರಬೇಕು. ಅಮೆಜಾನ್ ಸಂಸ್ಥೆಯು ಟೀ-ಶರ್ಟಿನ ಚಿತ್ರಕ್ಕೆ 4500 ಬಿಂದುಗಳ ಅಗಲ, 5400 ಬಿಂದುಗಳ ಎತ್ತರವನ್ನು ಗೊತ್ತುಪಡಿಸಿತು. ಅಂಗುಲಕ್ಕೆ 300 ಬಿಂದುಗಳಂತೆ ಅದು 15 ಅಂಗುಲ ಅಗಲ, 18 ಅಂಗುಲ ಎತ್ತರವಾಗುವದು. ಚಿಕ್ಕ ಚಿತ್ರವನ್ನು ಹಿಗ್ಗಿಸಿದರೆ ಪರದೆಯ ಮೇಲೆ ಚೆಲುವಾಗಿ ಕಂಡದ್ದು ಬಟ್ಟೆಯ ಮೇಲೆ ಮಸುಕಾಗುವದು. ಮೊದಲು ಒಂದು ಪ್ರತಿಯನ್ನು ತಾನೇ ಕೊಂಡು, ಒಗೆದು ನೋಡಿದವನ ಮಾತಿಗೆ ತೂಕವುಂಟು.

ಗಳಿಕೆಯ ವಿಷಯದಲ್ಲಿ ಭ್ರಮೆಯಿರಕೂಡದು. ಇಂಥ ಅಂಗಡಿಗಳಲ್ಲಿ ರೂಢಿಯಲ್ಲಿರುವ ಒಂದು ಕ್ರಮದಲ್ಲಿ ವಸ್ತುವಿನ ಮೂಲಬೆಲೆಯ ಮೇಲೆ ಕಲಾವಿದನು ತನ್ನ ಪಾಲನ್ನು ಕೂಡಿಸುವನು. ಮೂಲಬೆಲೆಯು 1000 ರೂಪಾಯಿ, ಪಾಲು ನೂರಕ್ಕೆ 20 ಎಂದಿಟ್ಟುಕೊಂಡರೆ, ಮಾರುವ ಬೆಲೆಯು 1200, ಕಲಾವಿದನಿಗೆ ಬರುವದು 200. ಅಂದರೆ ಗಿರಾಕಿಯು ಕೊಟ್ಟುದರ ಆರನೆಯ ಒಂದು ಭಾಗ. ಪಾಲನ್ನು ಏರಿಸಿದರೆ ಗಿರಾಕಿಯು ದೂರ ಸರಿಯುವನು. ಅಂಗಡಿಯ ನಿಬಂಧನೆಗಳೂ ಬದಲಾಗುವವು: 2023ರಲ್ಲಿ ರೆಡ್‌ಬಬಲ್ ಸಂಸ್ಥೆಯು ಕಲಾವಿದರ ಖಾತೆಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿ, ಕೆಳದರ್ಜೆಯವರ ಗಳಿಕೆಯಿಂದ ಶುಲ್ಕವನ್ನು ಮುರಿದುಕೊಳ್ಳತೊಡಗಿತು. ಸಂತೆಯ ಜಾಗವು ಪರರದು. ಕೈಯ ಕಸುಬು ಮಾತ್ರ ತನ್ನದು. ಆದುದರಿಂದ ಮೂಲಚಿತ್ರಗಳನ್ನು ತನ್ನ ಬಳಿಯಲ್ಲಿಯೇ ಇಟ್ಟುಕೊಂಡು, ಕರಾರು ಒಪ್ಪಿದರೆ ಒಂದಕ್ಕಿಂತ ಹೆಚ್ಚು ಅಂಗಡಿಗಳಲ್ಲಿ ಮಾರುವದೂ, ಇದನ್ನೇ ನೆಚ್ಚಿ ಇದ್ದ ಉದ್ಯೋಗವನ್ನು ಬಿಡದಿರುವದೂ ವಿವೇಕವು.

ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಾದುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿದ ಕಥೆಯು ಶರಣರ ಮನೆಗಳಲ್ಲಿ ಇಂದಿಗೂ ನಡೆದು ಬಂದಿದೆ. ಅಂಗಳದಲ್ಲಿ ಬಿದ್ದ ಅಕ್ಕಿಗೆ ಕಾವಲಿರಲಿಲ್ಲ; ಕಾವಲು ಲಕ್ಕಮ್ಮನ ಮನಸ್ಸಿನಲ್ಲಿತ್ತು. ಅಂತರ್ಜಾಲದ ಅಂಗಳದಲ್ಲಿಯೂ ಪರರ ಚಿತ್ರಗಳು ಅಕ್ಕಿಯಂತೆ ಚೆಲ್ಲಿವೆ; ಬಾಚಿಕೊಳ್ಳುವವರನ್ನು ತಡೆಯುವವರು ವಿರಳ. ಅನ್ನ ಮತ್ತು ಅಕ್ಷರಗಳ ದಾಸೋಹವನ್ನು ನಡೆಯಿಸುತ್ತ ಬಂದಿರುವ ಮಠಗಳು ತಮ್ಮ ಪ್ರಸಾದನಿಲಯಗಳ ಮಕ್ಕಳಿಗೆ ಚಿತ್ರಕಲೆಯನ್ನೂ ಗಣಕವಿದ್ಯೆಯನ್ನೂ ಕಲಿಸುವಾಗ, ಅವುಗಳ ಜೊತೆಗೆ ಲಕ್ಕಮ್ಮನ ಈ ಕಾವಲನ್ನೂ ಕಲಿಸಿದರೆ, ಆ ಮಕ್ಕಳು ಬರೆದ ಒಂದೊಂದು ಗೆರೆಯೂ ಅಂಕಿತವುಳ್ಳದ್ದಾಗುವದು. ಅವರು ಪಡೆದ ಒಂದೊಂದು ರೂಪಾಯಿಯೂ ದಾಸೋಹಕ್ಕೆ ಸಲ್ಲುವಷ್ಟು ಶುದ್ಧವಾಗಿರುವದು.