ಕಬ್ಬಿಣದ ಕುಸುರಿಗಾರ ಝಾನ್ ಲಾಮೂರ್



ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನದಲ್ಲಿ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರಿದೆ. ಆದರೆ ಶಿಲ್ಪಿಗಳ ಉಳಿಗಳನ್ನು ಕುಲುಮೆಯಲ್ಲಿ ಕಾಯಿಸಿ ಹದಗೊಳಿಸಿದ ಕಂಬಾರರನ್ನು ಯಾರು ನೆನೆದರು? ಬಾದಾಮಿಯಿಂದ ಇಳಕಲ್ಲಿನವರೆಗೆ ಕಲ್ಲಿನ ಕೀರ್ತಿಯನ್ನೇ ಕೇಳಿ ಬೆಳೆದ ತಮಗೆ ಇಂದು ಒಬ್ಬ ಕಬ್ಬಿಣದ ಕೆಲಸಗಾರನ ವಿಷಯ ಹೇಳಬಯಸುತ್ತೇನೆ.

ಲಾಮೂರ್ 1698ರಲ್ಲಿ ಲೊರೇನ್ ಪ್ರಾಂತದ ನಾನ್ಸಿ ನಗರದಲ್ಲಿ ಜನಿಸಿದನು. ತಂದೆ ಬೀಗ ಮಾಡುವವನು. ಮಗನೂ ಅದೇ ಕಸುಬನ್ನು ಹಿಡಿದನು. ಪೋಲೆಂಡಿನ ಸಿಂಹಾಸನವನ್ನು ಕಳೆದುಕೊಂಡು 1737ರಲ್ಲಿ ಲೊರೇನಿನ ಒಡೆಯನಾದ ಸ್ತಾನಿಸ್ಲಾಸ್, ತನ್ನ ಅಳಿಯ ಹದಿನೈದನೆಯ ಲೂಯಿಯ ಗೌರವಾರ್ಥ ಅಲ್ಲಿ ವಿಶಾಲವಾದ ಚೌಕವೊಂದನ್ನು ಕಟ್ಟಿಸಿದನು. ಅದರ ಮೂಲೆಗಳ ತೆರಪುಗಳಿಗೆ ಲಾಮೂರ್ ಜಾಲರಿಗಳನ್ನು ರಚಿಸಿದನು. ಅವು ಎರಕ ಹೊಯ್ದವಲ್ಲ. ಸರಳನ್ನು ಕೆಂಪಗೆ ಕಾಯಿಸಿ, ಬಡಿದು, ಬಳ್ಳಿಯಂತೆ ಬಗ್ಗಿಸಿ, ತಗಡನ್ನು ತಟ್ಟಿ ಎಲೆಯಾಗಿಸಿ, ಚಿನ್ನದ ಲೇಪ ಕೊಟ್ಟವು. ಕಬ್ಬಿಣ ಕೆಂಪಗಿರುವುದು ಕ್ಷಣಕಾಲ ಮಾತ್ರ. ಆ ಕ್ಷಣದಲ್ಲೇ ಕೈ ತಪ್ಪದೆ ನಡೆಯಬೇಕು.

ಚೌಕವು 1755ರಲ್ಲಿ ಉದ್ಘಾಟನೆಗೊಂಡಿತು. ಮಧ್ಯದಲ್ಲಿದ್ದ ಲೂಯಿಯ ಪ್ರತಿಮೆ ಫ್ರೆಂಚ್ ಕ್ರಾಂತಿಯಲ್ಲಿ ನಾಶವಾಯಿತು. ಬೀಗದವನ ಜಾಲರಿಗಳು ಉಳಿದವು. 1767ರಲ್ಲಿ ಲಾಮೂರ್ ತನ್ನ ಕೆಲಸಗಳ ಚಿತ್ರಗಳನ್ನು ಗ್ರಂಥರೂಪದಲ್ಲಿ ತಾನೇ ಪ್ರಕಟಿಸಿದನು. ಇದನ್ನು ಅಹಂಕಾರವೆಂದು ನಾನು ಎಣಿಸಲಾರೆ. 1771ರಲ್ಲಿ ಅವನು ತೀರಿಕೊಂಡನು. ಆ ಚೌಕವು 1983ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮ ಪಟ್ಟದಕಲ್ಲು 1987ರಲ್ಲಿ.