ಇಬ್ಬರಿಗಾಗುವಷ್ಟು ಗಂಜಿ

ನಮ್ಮ ಓಣಿಯ ಅಜ್ಜಿಯೊಬ್ಬರು, ಗಂಡ ಹಾಸಿಗೆ ಹಿಡಿದ ಎರಡು ವರ್ಷವೂ, ಬೆಳಿಗ್ಗೆ ಅವರಿಗೆ ಗಂಜಿ ಕುಡಿಸಿದ ಮೇಲೆ ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು ಬೈಬಲ್ ತೆರೆಯುತ್ತಿದ್ದರು. ಹೆಚ್ಚಾಗಿ ಓದುತ್ತಿದ್ದುದು ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರ. ಆ ಪುಟಗಳ ಅಂಚು ಬೆರಳು ತಾಗಿ ತಾಗಿ ಕಂದಿಹೋಗಿತ್ತು.

ನಾಲ್ಕೇ ಅಧ್ಯಾಯ. ಸಂತೋಷದ ಮಾತು ಮತ್ತೆ ಮತ್ತೆ ಬರುತ್ತದೆ. ಬರೆದದ್ದು ಮಾತ್ರ ಸೆರೆಯಲ್ಲಿದ್ದುಕೊಂಡು, ಮುಂದೆ ಬದುಕೋ ಸಾವೋ ಗೊತ್ತಿಲ್ಲದ ಹೊತ್ತಿನಲ್ಲಿ. ರೋಮನ್ನರ ಕಾಲದ ಕೈದಿಗೆ ಅನ್ನ-ಬಟ್ಟೆಗೆ ಬಹುಪಾಲು ಹೊರಗಿನ ಬಂಧುಮಿತ್ರರೇ ಗತಿ. ಫಿಲಿಪ್ಪಿಯ ಸಭೆಯವರು ಎಪಫ್ರೊದೀತನ ಕೈಯಲ್ಲಿ ನೆರವು ಕಳಿಸಿದರು. ಆತನೋ ಕಾಯಿಲೆ ಬಿದ್ದು ಸಾವಿನ ಬಾಗಿಲು ತಟ್ಟಿ ಬಂದ. ಆತ ಉಳಿಯದಿದ್ದರೆ ತನ್ನ ದುಃಖ ಇಮ್ಮಡಿಯಾಗುತ್ತಿತ್ತೆಂದು ಪೌಲ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾನೆ. ನಗುಮುಖ ಹೊತ್ತು ಓಡಾಡುವ ಸಂತರಿಗಿಂತ ನನಗೆ ಈ ಪೌಲನೇ ಹತ್ತಿರದವನು.

ಹಸಿವಿನಲ್ಲೂ ತೃಪ್ತನಾಗಿರುವುದನ್ನು ತಾನು ಕಲಿತೆ ಎನ್ನುತ್ತಾನೆ. ಒಮ್ಮೆಲೇ ವರವಾಗಿ ಸಿಕ್ಕಿತು ಎನ್ನುವುದಿಲ್ಲ. ಬಲ ಕ್ರಿಸ್ತನದು, ಕಲಿಯುವ ಪಾಡು ತನ್ನದು. ಈಜು ಕಲಿಯುವವರು ನೀರು ಕುಡಿದೇ ಕಲಿಯುತ್ತಾರಲ್ಲ, ಹಾಗೆ.

ಅಜ್ಜ ತೀರಿಕೊಂಡ ಮರುವಾರ ಅವರ ಮನೆಗೆ ಹೋಗಿದ್ದೆ. ಅಜ್ಜಿ ಅತ್ತರು, ಚೆನ್ನಾಗಿಯೇ ಅತ್ತರು. ಬೈಬಲ್ ಅದೇ ಪುಟಕ್ಕೆ ತೆರೆದಿತ್ತು. ಒಲೆಯ ಮೇಲೆ ಗಂಜಿ, ರೂಢಿಯಂತೆ ಇಬ್ಬರಿಗಾಗುವಷ್ಟು.

"ಕೂತ್ಕೋ ಮಗಾ, ನೀನು ಬಂದದ್ದು ಒಳ್ಳೇದಾಯ್ತು," ಎಂದು ಕಣ್ಣೊರೆಸಿಕೊಂಡು, ಎರಡನೇ ಬಟ್ಟಲಿಗೂ ಬಡಿಸಿದರು.