ಊರಿನ ಹೆಸರು, ರಾಜಧಾನಿಯ ಮೈದಾನ

ಗೆಳೆಯರೇ, ನೇಪಾಳದ ಒಂದು ಫುಟ್‌ಬಾಲ್ ತಂಡದ ವಿಷಯ ಹೇಳ್ತೀನಿ. ಧನಗಢಿ ಆ ದೇಶದ ದೂರ ಪಶ್ಚಿಮದ ಊರು, ಉತ್ತರ ಪ್ರದೇಶದ ಗಡಿ ಹತ್ತಿರ. ನಮ್ಮ ಹಾಗೇ ಗಡಿಯವರು ಅನ್ನಿ. ಅಲ್ಲಿನ ಹಳೆಯ 'ಎ' ಡಿವಿಜನ್ ಲೀಗ್‌ನಲ್ಲಿ ಹೆಚ್ಚಾಗಿ ಆಡೋವು ಕಾಠ್ಮಂಡು ಕಣಿವೆಯ ಕ್ಲಬ್‌ಗಳು, ಜೊತೆಗೆ ಸೈನ್ಯದ್ದು, ಪೊಲೀಸರದ್ದು. 2021ರಲ್ಲಿ ನೇಪಾಳ ಸೂಪರ್ ಲೀಗ್ ಶುರುವಾದಾಗ ಏಳು ತಂಡಗಳಲ್ಲಿ ಧನಗಢಿ ಎಫ್‌ಸಿಯೂ ಒಂದು. ಫ್ರಾಂಚೈಸಿ ಅಂದ್ರೆ ಹಣ ಹಾಕಿದವರು ಮಾಲೀಕರು, ಆಟಗಾರರು ಹರಾಜಿನಲ್ಲಿ. ಮನುಷ್ಯರ ಹರಾಜು ಅನ್ನೋ ಮಾತೇ ನನಗೆ ಹಿಡಿಸೋದಿಲ್ಲ. ಆದ್ರೂ ಅಲ್ಲಿ ಬೆಲೆ ಕೂಗೋದು ಕಾಲಿನ ಕಸುಬಿಗೆ, ಅದೊಂದು ಸಮಾಧಾನ.

ಮೊದಲ ವರ್ಷವೇ ಧನಗಢಿ ಫೈನಲ್ ಮುಟ್ಟಿ ಕಾಠ್ಮಂಡು ರೇಜರ್ಸ್‌ಗೆ ಸೋತಿತು. ಸೋಲಲಿ ಬಿಡಿ. ಆ ವರ್ಷದ ಪಂದ್ಯಗಳೆಲ್ಲ ನಡೆದದ್ದು ರಾಜಧಾನಿಯ ದಶರಥ ರಂಗಶಾಲೆಯಲ್ಲಿ. ಧನಗಢಿಯ ಹೆಸರು ಎದೆ ಮೇಲೆ, ಧನಗಢಿಯ ಹುಡುಗ ಟಿವಿ ಮುಂದೆ! ತಂಡ ಸಿಕ್ತು, ತನ್ನೂರಲ್ಲಿ ಅದರ ಆಟ ನೋಡೋ ಭಾಗ್ಯ ಸಿಗಲಿಲ್ಲ.

ನಮ್ಮ ಸಂಘದವರು ಈ ಸಲ ಜೆರ್ಸಿಗೆ ಹಣ ಕೂಡಿಸ್ತಿದ್ದೀರಿ. ಸಂತೋಷ. ಶಾಲೆ ಹಿಂದಿನ ಬಯಲಿಗೆ ಅರ್ಜಿ ಯಾವಾಗ ಕೊಡ್ತೀರಿ?